ಸೊಂಟದವರೆಗೆ ಹೋಗಿ ಬಂದ ಕೈ

ಅಂಗಿಯ ಬೆನ್ನು ಹಿಡಿದು ಒಳಕ್ಕೆ ಎಳೆದ ಕೈ, ಎಳೆದವನು ಯಾರೋ, ಎಳೆಸಿಕೊಂಡವನು ಯಾರೋ, ಚಂದಾನಗರದಿಂದ ರೈಲು ಆಗಲೇ ಹೊರಟಿತ್ತು, ಓಡಿ ಬಂದವನ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ, ಬಾಗಿಲಲ್ಲಿ ನಿಂತಿದ್ದ ದಪ್ಪ ಮನುಷ್ಯ ಅವನ ಕಂಕುಳ ಹಿಂದಿನ ಬಟ್ಟೆಯನ್ನು ಮುಷ್ಟಿಗೆ ಸುತ್ತಿಕೊಂಡು ಒಳಗೆಳೆದ, ಅರೆ ಭಾಯ್ ಮರನಾ ಹೈ ಕ್ಯಾ, ಸಾಯಬೇಕೇನು, ಎಂದು ಬೈದ, ಆಮೇಲೆ ಇಬ್ಬರೂ ನಕ್ಕರು — ಕಿಟಕಿಯ ಪಕ್ಕ ಕೂತಿದ್ದ ಕಲ್ಲೇಶನ ಬಲಗೈ ಮಾತ್ರ ತನ್ನಷ್ಟಕ್ಕೆ ಸೊಂಟಕ್ಕೆ ಹೋಗಿತ್ತು. ಅಲ್ಲಿ ಏನೂ ಇರಲಿಲ್ಲ, ಪ್ಯಾಂಟಿನ ಬೆಲ್ಟು, ಬೆಲ್ಟಿನ ಮೇಲೆ ಅಂಗಿಯ ಮಡಿಕೆ, ಅಲ್ಲಿ ಸಿಕ್ಕಿಸಿಕೊಳ್ಳುವ ಹಳದಿ ಬಟ್ಟೆ ಮನೆಯ ಕಪಾಟಿನಲ್ಲಿದೆ, ಪಟ್ಟೆ ಅಂಗಿಯ ಕೆಳಗೆ, ಇಪ್ಪತ್ತು ದಿನದಿಂದ ಅಲ್ಲೇ ಇದೆ. ಈ ಇಪ್ಪತ್ತು ದಿನಗಳಲ್ಲಿ ಈ ಕೈ ಎಷ್ಟು ಸಲ ಹೀಗೆ ಹೋಗಿದೆ, ಹೆಂಡತಿ ಸ್ನೇಹಲತಾ ಒದ್ದೆ ಸೀರೆ ಹಿಂಡುವಾಗ, ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ನಾಯಿಯ ಕೊರಳಪಟ್ಟಿ ಹಿಡಿದಾಗ, ಹಿಡಿತ ಕಂಡರೆ ಸಾಕು, ಹೋಗಬೇಕಾದಾಗ ಪೂರ್ತಿ ಹೋಗದ ಕೈ ಈಗ ಬೇಡವಾದಲ್ಲೆಲ್ಲ ಹೋಗುತ್ತದೆ, ಹೋಗಿ ಏನೂ ಸಿಗದೆ ತೊಡೆಯ ಮೇಲೆ ಬಂದು ಕೂರುತ್ತದೆ. ಇವತ್ತು ಶನಿವಾರ, ರಜೆ ಹಾಕಿದ್ದಾನೆ, ಬೇಗಂಪೇಟೆಯಲ್ಲಿ ಇಳಿಯಬೇಕು, ಆಸ್ಪತ್ರೆ ಅಲ್ಲಿಂದ ನಡೆದರೆ ಹದಿನೈದು ನಿಮಿಷ, ಮೂರನೇ ಮಹಡಿ, ಅಲ್ಲಿ ಪಂದ್ಯದಲ್ಲಿ ಬಿದ್ದ ಚೇತನಕುಮಾರ ಕುತ್ತಿಗೆ ಮುರಿದು ಮಲಗಿದ್ದಾನೆ, ಇಪ್ಪತ್ತನಾಲ್ಕು ವರ್ಷ, ಕುತ್ತಿಗೆಯ ಐದನೇ ಮೂಳೆ, ಅದರ ಕೆಳಗೆ ಭುಜ ಅಲ್ಲಾಡುತ್ತದೆ, ಮೊಣಕೈ ಸ್ವಲ್ಪ ಮಡಚುತ್ತದೆ, ಉಳಿದದ್ದಕ್ಕೆ ಸುದ್ದಿಯೇ ಇಲ್ಲ, ಮುಟ್ಟಿದರೂ ತಿಳಿಯುವುದಿಲ್ಲ. ಅವನಿಗೆ ಒಂದು ಪ್ರಶ್ನೆ ಕೇಳಬೇಕಂತೆ. ಅವನ ಅಕ್ಕ ಶೀತಲ ನಿನ್ನೆ ಫೋನಿನಲ್ಲಿ ಹೇಳಿದಳು, ಅಣ್ಣಾರ, ಭಾಳ ದೊಡ್ಡದೇನಲ್ರಿ, ತನ್ನನ್ನ ಯಾರರ ಹಿಂದಿನಿಂದ ಹಿಡಿದಿದ್ರೇನು ಅಂತ ಕೇಳಬೇಕಂತ, ಎಲ್ಲಾರೂ ಇಲ್ಲ ಅಂತಾರ್ರಿ, ವಿಡಿಯೋದಾಗ ಇಲ್ಲ, ರಿಪೋರ್ಟಿನಾಗ ಇಲ್ಲ, ಅಂವ ಒಮ್ಮೆ ಹಿಡಿದಿದ್ರು ಹಿಡಿದಿದ್ರು ಅಂತಾನ, ಒಮ್ಮೆ ಇಲ್ಲ ನಂದ ತಪ್ಪು, ನನಗ ಹೊಳ್ಳಾಕ ಬರಲಿಲ್ಲ ಅಂತ ಅಳತಾನ, ನೀವು ಅಲ್ಲೇ ಬಾಜೂಕ ನಿಂತಿದ್ರಿ ಅಂತಲ್ರಿ.

ಬಾಜೂಕೇ ನಿಂತಿದ್ದ, ಏಳು ಗಜ, ಆಮೇಲೆ ಮೈದಾನಕ್ಕೆ ಒಬ್ಬನೇ ಹೋಗಿ ಟೇಪು ಹಿಡಿದು ಅಳೆದು ಬಂದಿದ್ದಾನೆ. ಅಳೆಯುವುದೇ ಅವನ ಕಸುಬು, ವಾರದ ಆರು ದಿನ ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆಯ ಮೇಜು, ಮೇಜಿನ ಮೇಲೆ ಲೋಹದ ತುಂಡು, ತುಂಡಿನ ಮೇಲೆ ಗೀರು, ಗೀರು ಕೆಲಸ ಮಾಡುವ ಮೈಮೇಲಿದ್ದರೆ ತಿರಸ್ಕಾರ, ಕೆಲಸಕ್ಕೆ ಬಾರದ ಮೈಮೇಲಿದ್ದರೆ ರಿಯಾಯಿತಿ ಚೀಟಿ ಬರೆದು ಪಾಸು. ಏಳನೇ ದಿನ ಅಂಪೈರಿನ ಕಪ್ಪು ಬಿಳಿ ಪಟ್ಟೆಯ ಅಂಗಿ, ಲಿಂಗಂಪಲ್ಲಿಯ ಆಚೆ ಸುಣ್ಣದ ಗೆರೆ ಎಳೆದ ಮೈದಾನ, ಅಮೆರಿಕನ್ ಫುಟ್‌ಬಾಲ್. ಹನ್ನೊಂದು ವರ್ಷದ ಹಿಂದೆ ಯಾರೋ ಹುಡುಗರು ಅಲ್ಲಿ ಹೆಲ್ಮೆಟ್ಟು ಹಾಕಿ ಡಿಕ್ಕಿ ಹೊಡೆಯುವುದನ್ನು ನೋಡಲು ನಿಂತಿದ್ದ, ಇದರಲ್ಲಿ ಯಾರು ಗೆದ್ದರೆಂದು ಹೇಗೆ ಗೊತ್ತಾಗುತ್ತದೆ ಎಂದು ಪಕ್ಕದವನನ್ನು ಕೇಳಿದ್ದ, ಪಕ್ಕದವನು ಆನಂದಕುಮಾರ, ಮೈಸೂರಿನವನು, ಈಗ ಅವರ ಮುಖ್ಯ ರೆಫರಿ, ಅವನು ನಿಯಮದ ಪುಸ್ತಕವನ್ನೇ ಕೈಗಿಟ್ಟಿದ್ದ, ಇನ್ನೂರು ಪುಟ, ಓದಿ ಅರ್ಥ ಮಾಡ್ಕೊಳ್ಳೋ ಹುಚ್ಚ ಒಬ್ಬ ಬೇಕಾಗಿತ್ತು ಕಣ್ರೀ ನಮಗೆ. ಕಲ್ಲೇಶ ಅದನ್ನು ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದ ಹಾಗೆ ಓದಿದ, ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಬರೆದು, ಅಪ್ಪನಿಗೆ ವಿವರಿಸಿದ, ಸುಲ್ತಾನ್ ಬಜಾರಿನ ಅಂಗಡಿಯಲ್ಲಿ, ಬಟ್ಟೆಯ ಥಾನುಗಳ ನಡುವೆ ಕಾಲು ಮಡಚಿ ಕೂತಿದ್ದ ಶಾಂತಪ್ಪನಿಗೆ — ಒಂದು ತಂಡ ಚೆಂಡನ್ನ ದೂರ ಒದೀತೈತಪ್ಪಾ, ಇನ್ನೊಂದು ತಂಡದಾಂವ ಅದನ್ನ ಹಿಡಕೊಂಡು ಹೊಳ್ಳಿ ಓಡಿ ಬರತಾನ, ಒದ್ದವರು ಅವನ್ನ ಕೆಡವಾಕ ಓಡತಾರ, ಅವನ ಕಡ್ಯಾವರು ಅಡ್ಡ ನಿಂದರತಾರ, ಅಂಗೈಲೆ ಎದಿ ಮ್ಯಾಲೆ ನೂಕಬಹುದು, ಅಂಗಿ ಹಿಡಿದು ಜಗ್ಗಬಾರದು. ಅಪ್ಪ ಅಡಿಕೆ ಬಾಯಿಗೆ ಹಾಕಿಕೊಂಡು, ಅಂದ್ರ ತಡೀಬೇಕು, ಹಿಡೀಬಾರದು. ಹೌದಪ್ಪಾ. ಇಷ್ಟಕ್ಕ ಇನ್ನೂರು ಪುಟ ಬರದಾರೇನು ಆ ಮಂದಿ! ಹಿಡಿದದ್ದು ಕಂಡರೆ ಅಂಪೈರು ಹಳದಿ ಬಟ್ಟೆ ಎಸೆಯಬೇಕು ಎಂದಾಗ ಮಾತ್ರ ಅಪ್ಪನಿಗೆ ಆಸಕ್ತಿ ಬಂತು, ಬಟ್ಟೆಯ ವಿಷಯ, ತಾನೇ ಥಾನಿನಿಂದ ಕತ್ತರಿಸಿ, ಒಂದು ತುದಿಗೆ ಹುಣಸೆಬೀಜ ಗಂಟು ಕಟ್ಟಿ ಹೊಲಿದು ಕೊಟ್ಟ, ಹಗುರ ಬಟ್ಟಿ ಗಾಳ್ಯಾಗ ಹೊಯ್ದಾಡತೈತಿ, ಒಗದಲ್ಲೇ ಬೀಳಬೇಕಲ್ಲ, ಅಲ್ಲಿಂದ ಹತ್ತು ಗಜ ಹಿಂದಕ್ಕ ಸರಿಸತಾರಂದಿ, ಜಾಗಾ ತಪ್ಪಿದ್ರ ಹೆಂಗ. ಹುಣಸೆಬೀಜ ಈಗಲೂ ಒಳಗೆ ಗರಗರ ಎನ್ನುತ್ತದೆ. ಅಪ್ಪ ಹೋಗಿ ಮೂರು ವರ್ಷ. ಬಟ್ಟೆ ಪರೀಕ್ಷಿಸುವಾಗ ಅವನು ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಂಡಿ ಹಿಡಿಯುತ್ತಿದ್ದ, ಮನಸ್ಸಿನಲ್ಲೇ ಹತ್ತು ಎಣಿಸಿ ಬಿಡುತ್ತಿದ್ದ, ಮುಷ್ಟಿಯಿಂದ ಹೊರಟ ನೆರಿಗೆಗಳು ಎಷ್ಟು ಹೊತ್ತು ಉಳಿಯುತ್ತವೆ ಎಂದು ನೋಡುತ್ತಿದ್ದ. ಆ ದಿನ ಎದುರು ತಂಡದ ಕೌಶಲನ ಮುಷ್ಟಿಯಿಂದ ಐದು ಹೊರಟಿದ್ದವು, ಚೇತನನ ನೀಲಿ ಅಂಗಿ, ಎಡ ಕಂಕುಳ ಹಿಂದೆ, ಐದು ನೆರಿಗೆ, ಬೆನ್ನಿನ ಇಪ್ಪತ್ತೇಳು ಎಂಬ ಬಿಳಿ ಅಂಕಿಯ ತನಕ.

ಹಫೀಜ್‌ಪೇಟೆ, ಇಳಿಯುವವರು ಇಳಿದರು, ಮೊಸರಿನ ಡಬ್ಬಿ ಹಿಡಿದ ಹೆಂಗಸು ಎದುರು ಬಂದು ಕೂತಳು, ಫೋನು ಗುಂಯ್ ಎಂದಿತು, ಆನಂದಕುಮಾರ, ನೋಡೋಕೆ ಹೋಗ್ತಿದೀರಂತೆ, ಒಳ್ಳೇದು, ರಿಪೋರ್ಟಲ್ಲಿ ಇರೋದಷ್ಟೇ ಹೇಳಿ, ನಾವು ಐದೂ ಜನ ಒಂದೇ ತಂಡ. ಐದು ಜನ ಅಧಿಕಾರಿಗಳು, ಐದು ಕಡೆ, ಯಾರೂ ಚೆಂಡನ್ನು ನೋಡಬಾರದು, ಓಡುವವನ ಹಿಂದೆ ಇರುವ ಒಬ್ಬನ ಹೊರತು, ಆನಂದಕುಮಾರನೇ ಕಲಿಸಿದ್ದು, ಚೆಂಡು ನೋಡೋಕೆ ಅರವತ್ತು ಜನ ಟಾರ್ಪಾಲ್ ಕೆಳಗೆ ಕೂತಿದಾರೆ ಕಲ್ಲೇಶ್, ನಿಮ್ಮ ಕೆಲಸ ಚೆಂಡಿಲ್ಲದ ಕಡೆ ನೋಡೋದು, ನಿಮ್ಮ ಮುಂದಿನ ಜೋಡಿ ನೋಡಿ, ಅವರ ಕೈ ನೋಡಿ, ಕಾಲು ನೋಡಿ. ಮತ್ತೆ ಅವನೇ ಕಲಿಸಿದ್ದು ಮೂರು ಪ್ರಶ್ನೆ, ಹಿಡಿತ ಕಂಡ ಕೂಡಲೇ ಎಸೆಯುವುದು ಹೊಸಬರ ಚಾಳಿ, ಮೊದಲು ಕೇಳಿಕೊಳ್ಳಿ, ಹಿಡಿತ ಅವನನ್ನು ನಿಜವಾಗಿ ಕಟ್ಟಿಹಾಕಿತೆ, ಚೆಂಡು ಆ ಹಾದಿಯಲ್ಲಿ ಬರುತ್ತಿದೆಯೆ, ಹಿಡಿದ ತಂಡಕ್ಕೆ ಅದರಿಂದ ಲಾಭವಾಯಿತೆ, ಮೂರಕ್ಕೂ ಹೌದಾದರೆ ಎಸೆಯಿರಿ, ಒಂದಕ್ಕೆ ಇಲ್ಲವಾದರೂ ಬಟ್ಟೆ ಸೊಂಟದಲ್ಲೇ ಇರಲಿ, ಬಾಯಲ್ಲಿ ಹೇಳಿ ಬಿಡಿಸಿ, ಆಟ ಓಡಲಿ. ಕಲ್ಲೇಶನಿಗೆ ಇದು ತಕ್ಷಣ ಹಿಡಿಸಿತ್ತು, ಬಾಲಾನಗರದ ರಿಯಾಯಿತಿ ಚೀಟಿಯೇ, ಕೆಲಸಕ್ಕೆ ಬಾರದ ಮೈಮೇಲಿನ ಗೀರು, ಮೈದಾನದ ಆ ತುದಿಯಲ್ಲಿ ಚೆಂಡು ಓಡುವಾಗ ಈ ತುದಿಯಲ್ಲಿ ಒಬ್ಬ ಇನ್ನೊಬ್ಬನ ಅಂಗಿ ಹಿಡಿದರೆ ಏನಾದೀತು. ಒಂದು ತೊಡಕು ಮಾತ್ರ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದ, ಯಾರಿಗೂ ತೋರಿಸಿರಲಿಲ್ಲ — ಚೆಂಡನ್ನು ನೋಡಬಾರದು, ಸರಿ, ನೋಡದೆ ಎರಡನೇ ಪ್ರಶ್ನೆಗೆ ಉತ್ತರಿಸುವುದು ಹೇಗೆ?

ಚೇತನ ಬಿದ್ದ ಪಂದ್ಯದ ಮೊದಲರ್ಧದಲ್ಲಿ ಅದಕ್ಕೆ ಉತ್ತರಿಸಿರಲಿಲ್ಲ, ಎಸೆದಿದ್ದ. ಅದೇ ಜೋಡಿ, ನೀಲಿಯ ಚೇತನ, ಕಪ್ಪಿನ ಕೌಶಲ್, ಅದೇ ಕಂಕುಳ ಬಟ್ಟೆ, ಹಳದಿ ಗಂಟು ಗರಗರ ಎಂದು ಹಾರಿ ಬಿತ್ತು, ಅಷ್ಟರಲ್ಲಿ ಆಚೆ ಬದಿಯಲ್ಲಿ ಕಪ್ಪು ತಂಡದ ಓಟಗಾರ ಎಂಬತ್ತು ಗಜ ಓಡಿ ಗೆರೆ ದಾಟಿ ಚೆಂಡನ್ನು ಆಕಾಶಕ್ಕೆ ಎಸೆದಿದ್ದ, ಟಾರ್ಪಾಲ್ ಕೆಳಗಿನವರು ತಟ್ಟೆ ಬಡಿಯುತ್ತಿದ್ದರು, ಹಳದಿ ಫ್ಲ್ಯಾಗ್ ಕಂಡ ಮೇಲೆ ಅದೇ ತಟ್ಟೆ ಕಲ್ಲೇಶನ ಕಡೆಗೆ ತಿರುಗಿತು, ಎಂಬತ್ತು ಗಜದ ಓಟ ರದ್ದು, ಹಿಡಿದ ಜಾಗದಿಂದ ಹತ್ತು ಗಜ ಹಿಂದೆ. ಏ ಅಂಪೈರ್ ಸಾಬ್, ಚಷ್ಮಾ ಉಲ್ಟಾ ಪೆಹನೇ ಕ್ಯಾ, ಕನ್ನಡಕ ತಿರುಗಾಮುರುಗಾ ಹಾಕಿಕೊಂಡಿದ್ದೀಯಾ ಎಂದು ಯಾರೋ ಕೂಗಿದ, ಇನ್ನೊಬ್ಬ, ದರ್ಜಿ ಹೈ ರೇ, ಕಪಡಾ ಫೇಕ್ತಾ. ದರ್ಜಿಯಂತೆ, ಬಟ್ಟೆ ಎಸೆಯುತ್ತಾನಂತೆ. ಅರ್ಧ ವೇಳೆಯಲ್ಲಿ ನೀರಿನ ಕ್ಯಾನಿನ ಹತ್ತಿರ ಆನಂದಕುಮಾರ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ, ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಕಲ್ಲೇಶ್, ಅವನು ಓಡಿದ್ದು ಆ ಕಡೆ, ನೀವು ಹಾಕಿದ್ದು ಈ ಕಡೆ, ನಡುವೆ ನಲವತ್ತು ಗಜ, ಮೂರು ಪ್ರಶ್ನೆ ಮರೆತ್ರಾ, ವರ್ಷಕ್ಕೊಂದು ಬರೋ ಓಟ ರೀ ಅದು, ಜನ ಓಟ ನೋಡೋಕೆ ಬರ್ತಾರೆ, ನಿಮ್ಮಪ್ಪ ಹೊಲಿದ ಬಟ್ಟೆ ನೋಡೋಕಲ್ಲ. ಕಲ್ಲೇಶ ನಕ್ಕಿದ್ದ. ನಗುವಾಗ ಕಿವಿ ಬಿಸಿಯಾಗಿದ್ದು ನೆನಪಿದೆ, ಪ್ಲಾಸ್ಟಿಕ್ ಲೋಟದ ನೀರಿನಲ್ಲಿ ಸುಣ್ಣದ ರುಚಿ ಇದ್ದದ್ದು ನೆನಪಿದೆ, ಅವನು ಹೇಳಿದ್ದು ಸರಿಯೇ ಎಂಬುದು ಎಲ್ಲಕ್ಕಿಂತ ಹೆಚ್ಚು ನೆನಪಿದೆ. ಸರಿಯೇ. ಪುಸ್ತಕದ ಪ್ರಕಾರ, ತರಬೇತಿಯ ಪ್ರಕಾರ, ಆ ಫ್ಲ್ಯಾಗು ಬೀಳಬಾರದಿತ್ತು. ಮುಂದಿನ ಒದೆತದಲ್ಲಿ ಕೌಶಲ್ ಮತ್ತೆ ಬೆರಳು ಕೊಕ್ಕೆ ಮಾಡಿದಾಗ ಎಸೆಯಲಿಲ್ಲ, ಕೈ ಬಿಡು ಎಂದು ಕೂಗಿದ, ಹಾಥ್ ಕೌಶಲ್ ಹಾಥ್, ಕೌಶಲ್ ತಟ್ಟನೆ ಬಿಟ್ಟ, ಬಿಟ್ಟು ಹೆಲ್ಮೆಟ್ಟಿನ ಸರಳಿನ ಒಳಗಿಂದ ಹಲ್ಲು ತೋರಿಸಿ ಸಾರಿ ಸರ್ ಎಂದ, ನೋಡಿ, ಹೇಳಿದರೆ ಬಿಡುವ ಹುಡುಗ, ಹೇಳಿದರೆ ಬಿಡುತ್ತಿದ್ದ.

ಸುರಂಗವಲ್ಲ, ಸೇತುವೆಯ ನೆರಳು, ಹೈಟೆಕ್ ಸಿಟಿ ಸ್ಟೇಷನ್ನು, ಕೊರಳಿಗೆ ಗುರುತಿನ ಚೀಟಿ ಹಾಕಿದವರ ಗುಂಪು, ಶನಿವಾರವೂ ಇವರಿಗೆ ಬಿಡುವಿಲ್ಲ, ಚೇತನನಿಗೂ ಇಂಥದೇ ಒಂದು ಚೀಟಿ ಇತ್ತು, ಪಂದ್ಯದ ದಿನ ಅದನ್ನು ಬ್ಯಾಗಿನ ಜಿಪ್ಪಿಗೆ ನೇತುಹಾಕಿರುತ್ತಿದ್ದ. ಆ ಪಂದ್ಯದಲ್ಲಿ ಕೊನೆಯ ಹನ್ನೊಂದು ನಿಮಿಷ ಉಳಿದಿತ್ತು. ನೀಲಿ ತಂಡ ಒದೆಯಿತು, ಚೆಂಡು ಆಚೆ ಬದಿಗೆ ಬಿತ್ತು, ಸಪ್ಪಳದಿಂದಲೇ ತಿಳಿಯಿತು, ಚೇತನ ಈ ಬದಿಯಲ್ಲಿ ನೇರ ಕಲ್ಲೇಶನ ಎದುರಿಗೆ ಓಡಿ ಬರುತ್ತಿದ್ದಾನೆ, ಕೌಶಲ್ ಅಡ್ಡ, ಚೇತನ ಎಡಕ್ಕೆ ಬಂದ ಹಾಗೆ ಮಾಡಿ ಬಲಕ್ಕೆ ನುಸುಳಿದ, ಅರ್ಧ ಹೆಜ್ಜೆ ಮುಂದಾದ, ಕೌಶಲನ ಕೈ ಹೋಯಿತು, ಹಿಡಿಯಿತು, ನೀಲಿ ಬಟ್ಟೆ, ಬೆಳ್ಳಗಾದ ಬೆರಳ ಗೆಣ್ಣು, ಐದು ನೆರಿಗೆ — ಕಲ್ಲೇಶನ ಬಲಗೈ ಸೊಂಟಕ್ಕೆ ಹೋಯಿತು, ಬೆರಳಿಗೆ ಹುಣಸೆಬೀಜದ ಗಂಟು ಸಿಕ್ಕಿತು, ಕಟ್ಟಿಹಾಕಿದೆಯೆ, ಹೌದು, ಕಾಲು ಮುಂದೆ, ಮೈ ಹಿಂದೆ, ಹೌದು, ಚೆಂಡು, ಚೆಂಡು ಎಲ್ಲಿ — ಆಗ ನೋಡಿದ. ಕಣ್ಣು ಎತ್ತಿ, ಮುಖ ತಿರುಗಿಸಿ, ಆ ಕಡೆ ನೋಡಿದ. ಅರ್ಧ ಸೆಕೆಂಡು, ಹೆಚ್ಚೆಂದರೆ ಮುಕ್ಕಾಲು. ಓಟಗಾರ ಆಚೆ ಬದಿಯ ಗೆರೆಗುಂಟ ಹೋಗುತ್ತಿದ್ದಾನೆ, ನಲವತ್ತು ಗಜ, ಇಲ್ಲ ಎಂದಿತು ಮನಸ್ಸು, ಎರಡನೇ ಪ್ರಶ್ನೆಗೆ ಇಲ್ಲ, ನಿಮ್ಮಪ್ಪ ಹೊಲಿದ ಬಟ್ಟೆ ನೋಡೋಕಲ್ಲ, ಕೈ ಗಂಟನ್ನು ಬಿಟ್ಟು ವಾಪಸ್ಸು ಬಂತು, ಸೀಟಿ ತುಟಿಯ ಹತ್ತಿರ ಇತ್ತು, ಕೂಗಲಿಲ್ಲ, ಯಾಕೆ ಕೂಗಲಿಲ್ಲ, ಪ್ರಶ್ನೆಗೆ ಸರಿಯಾದ ಉತ್ತರ ಬರೆದ ವಿದ್ಯಾರ್ಥಿಯ ಹಾಗೆ ಒಂದು ಕ್ಷಣ ತೃಪ್ತನಾಗಿ ನಿಂತುಬಿಟ್ಟನೆ? ಅದೇ ಕ್ಷಣ ಆಚೆಯ ಓಟಗಾರ ಮುಂದೆ ನೀಲಿ ಅಂಗಿಗಳ ಗೋಡೆ ಕಂಡು ಗಕ್ಕನೆ ತಿರುಗಿ ಮೈದಾನಕ್ಕೆ ಅಡ್ಡಲಾಗಿ ಈ ಕಡೆಗೆ ಓಡಿದ. ಗೀರು ಇದ್ದ ಮೈಯೇ ಕೆಲಸ ಮಾಡುವ ಮೈಯಾಯಿತು. ಓಟಗಾರನ ಮುಂದೆ ದಾರಿ ಬಿಡಿಸುತ್ತ ಕಪ್ಪು ತಂಡದ ಒಬ್ಬ ನೂರು ಕಿಲೋದವನು, ನ್ಯಾಯವಾಗಿಯೇ ಬಂದ, ಎದುರಿನಿಂದ, ಭುಜ ಕೊಟ್ಟು, ಅವನದೇನೂ ತಪ್ಪಿಲ್ಲ, ಚೇತನ ಅವನನ್ನು ಕಂಡಿದ್ದ, ಕಂಡು ಹೊರಳಲು ನೋಡಿದ, ಹೊರಳುವ ಮೈಯನ್ನು ಮುಷ್ಟಿ ಹೊರಳಗೊಡಲಿಲ್ಲ. ಹೊಡೆತ ತಿಂದ ದೇಹ ಸರಿದರೆ ಬಲ ಹಂಚಿಹೋಗುತ್ತದೆ, ಹಿಂದೆ ಇನ್ನೊಂದು ಮೈ ಅಂಟಿಕೊಂಡು ಸರಿಯಲು ಬಿಡದಿದ್ದರೆ ಎದೆ ನಿಂತುಬಿಡುತ್ತದೆ, ತಲೆಯೊಂದೇ ಹೋಗುತ್ತದೆ. ಸಪ್ಪಳ ದೊಡ್ಡದೇನಲ್ಲ. ಒಣ ಕಡ್ಡಿಯ ಸಪ್ಪಳ ಎಂದು ಜನ ಹೇಳುತ್ತಾರೆ, ಹಾಗೂ ಇರಲಿಲ್ಲ, ಥಾನನ್ನು ನೆಲಕ್ಕೆ ಹಾಕಿದ ಹಾಗೆ, ಧಪ್. ಓಟಗಾರ ಅವನನ್ನು ಹಾರಿ ದಾಟಿ ಇನ್ನೂ ಹನ್ನೆರಡು ಗಜ ಓಡಿದ. ಟಾರ್ಪಾಲ್ ಕೆಳಗೆ ತಟ್ಟೆ ಬಡಿದವು.

ಫ್ಲ್ಯಾಗು ಬಿದ್ದಿದ್ದರೂ ಆಟ ನಿಲ್ಲುತ್ತಿರಲಿಲ್ಲ, ಇದನ್ನು ಅವನು ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದಾನೆ, ನಿಯಮ, ಬಟ್ಟೆ ನೆಲಕ್ಕೆ ಬಿದ್ದ ಮೇಲೂ ಓಟ ಮುಗಿಯುವ ತನಕ ಆಟ ಜೀವಂತ, ದಂಡ ಆಮೇಲೆ, ಹಾಗಾಗಿ ಹಳದಿ ಬಟ್ಟೆ ಯಾರ ಕುತ್ತಿಗೆಯನ್ನೂ ಉಳಿಸುವುದಿಲ್ಲ, ಈ ಲೆಕ್ಕ ಸರಿ, ಇದನ್ನು ಆಸರೆ ಮಾಡಿಕೊಂಡು ಮೊದಲ ಎಂಟು ದಿನ ನಿದ್ದೆ ಮಾಡಿದ. ರಿಪೋರ್ಟಿಗೂ ಸಹಿ ಮಾಡಿದ್ದ, ಆಂಬುಲೆನ್ಸು ಹೋದ ಮೇಲೆ ಆನಂದಕುಮಾರನ ಕಾರಿನ ಬಾನೆಟ್ಟಿನ ಮೇಲೆ, ನಿಯಮ ಉಲ್ಲಂಘನೆ ಕಂಡುಬಂದಿಲ್ಲ, ಐದು ಸಹಿ, ಸಹಿ ಮಾಡುವಾಗ ಸುಳ್ಳೆಂದು ಅನ್ನಿಸಲೂ ಇಲ್ಲ, ಅದೇ ವಿಚಿತ್ರ, ಅವರ ಲೋಕದಲ್ಲಿ ಫ್ಲ್ಯಾಗು ಬೀಳದ ಹಿಡಿತ ಹಿಡಿತವೇ ಅಲ್ಲ, ಪಾಸಾದ ತುಂಡಿನ ಮೇಲೆ ಗೀರು ಇರುವುದಿಲ್ಲ. ನೀರಿನ ಟ್ಯಾಂಕರ್ ಮೇಲೆ ನಿಂತು ಫೋನಿನಲ್ಲಿ ವಿಡಿಯೋ ಹಿಡಿದವನು ಚೆಂಡನ್ನೇ ಹಿಡಿದಿದ್ದ, ಚೆಂಡು ಈ ಬದಿಗೆ ಬರುವ ಹೊತ್ತಿಗೆ ಚೇತನ ನೆಲದ ಮೇಲಿದ್ದ. ಒಂಬತ್ತನೇ ದಿನ ಸಂಜೆ ಕೌಶಲ್ ಮನೆಗೆ ಬಂದ, ಬೂಟು ಬಿಚ್ಚಲಿಲ್ಲ, ಒಳಗೂ ಬರಲಿಲ್ಲ, ಹೊಸ್ತಿಲ ಆಚೆ ನಿಂತು, ಸರ್, ಫ್ಲ್ಯಾಗ್ ನಹೀ ಥಾ ನಾ, ಫ್ಲ್ಯಾಗ್ ಇರಲಿಲ್ಲ ಅಲ್ಲವಾ, ಎಂದ, ಎಲ್ಲರಿಗೂ ಅದನ್ನೇ ಹೇಳುತ್ತಿದ್ದನಂತೆ, ಫ್ಲ್ಯಾಗ್ ಇರಲಿಲ್ಲ ಅಂದರೆ ನಾನು ಹಿಡಿದಿಲ್ಲ, ಅಮ್ಮನಿಗೂ ಅದನ್ನೇ ಹೇಳಿದನಂತೆ, ಆಮೇಲೆ, ಸರ್, ಮೈ ದೇಖಾ, ಆಪ್ ಕಾ ಹಾಥ್ ಕಮರ್ ತಕ್ ಗಯಾ. ನಿಮ್ಮ ಕೈ ಸೊಂಟದವರೆಗೆ ಹೋಯಿತು, ನಾನು ಬಿಡಬೇಕೆಂದೇ ಇದ್ದೆ, ಮತ್ತೆ ನೋಡಿದರೆ ಕೈ ವಾಪಸ್ಸು ಬಂತು, ನೀವು ಮುಖ ತಿರುಗಿಸಿದಿರಿ, ನಾನು ಅಂದುಕೊಂಡೆ, ಚಲ್ತಾ ಹೈ, ನಡೆಯುತ್ತದೆ. ಅದಕ್ಕೆ ಬಿಡಲಿಲ್ಲ ಸರ್. ಇಷ್ಟು ಹೇಳಿ ಮೆಟ್ಟಿಲಿಳಿದು ಹೋದ. ಅಂದಿನಿಂದ ಲೆಕ್ಕ ಸರಿಯಿಲ್ಲ. ಬಟ್ಟೆ ಎಸೆದಿದ್ದರೂ ಆಟ ನಿಲ್ಲುತ್ತಿರಲಿಲ್ಲ, ನಿಜ, ಮುಷ್ಟಿ ಬಿಚ್ಚುತ್ತಿತ್ತು.

ಬೋರಬಂಡ, ಭರತನಗರ, ಫತೇನಗರ, ಯಾವುದೋ ಸ್ಟೇಷನ್ನಿನಲ್ಲಿ ಮೊಸರಿನ ಹೆಂಗಸು ಇಳಿದುಹೋಗಿದ್ದಳು, ಗಮನಿಸಲೇ ಇಲ್ಲ. ಬೆಳಿಗ್ಗೆ ಸ್ನೇಹಲತಾ ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ, ಹೋಗ್ರಿ, ಬ್ಯಾಡನ್ನೂದಿಲ್ಲ, ಹಣ್ಣು ತಗೊಂಡು ಹೋಗ್ರಿ, ಆದರ ಒಂದ್ ಮಾತು, ನೀವು ಹೇಳಿದ್ರ ಅಂವ ಎದ್ದು ನಿಂದರತಾನೇನ್ರಿ? ಒಬ್ಬಾಂವಂದು ಹಾಳಾಗೇತಿ, ಇನ್ನೊಬ್ಬಾಂವಂದೂ ಮಾಡತೀರೇನು, ಆ ಹುಡುಗ ಬಾಗಲಾಗ ನಿಂತಿದ್ದು ನೋಡೇನಿ ನಾನು, ಅಂವ ಉಣ್ಣೂದ ಬಿಟ್ಟಾನ, ಮಾರಿ ನೋಡಿದ್ರ ತಿಳಿತೈತಿ. ಅವಳು ಹೇಳುವುದರಲ್ಲಿ ತಪ್ಪಿಲ್ಲ, ಇಲ್ಲ ಎಂದರೆ ಒಂದು ಶಬ್ದ, ಇಲ್ಲ ಚೇತನ, ಯಾರೂ ಹಿಡಿದಿರಲಿಲ್ಲ, ಆಟದಲ್ಲಿ ಹಾಗಾಗಿಬಿಟ್ಟಿತು, ಕೌಶಲ್ ಉಳಿಯುತ್ತಾನೆ, ಐದು ಸಹಿ ಉಳಿಯುತ್ತದೆ, ಮತ್ತೆ ಚೇತನ ಬದುಕಿರುವಷ್ಟು ದಿನ, ಸೀಲಿಂಗ್ ನೋಡುತ್ತ, ನನಗೆ ಹೊರಳಲು ಬರಲಿಲ್ಲ, ನನಗೆ ಹೊರಳಲು ಬರಲಿಲ್ಲ. ತನ್ನ ಮೈ ತನಗೆ ಮೋಸ ಮಾಡಿತು ಎಂದು. ಆ ಮೈ ಮಾಡಬೇಕಾದ್ದನ್ನೆಲ್ಲ ಮಾಡಿತ್ತು, ಕಲ್ಲೇಶ ನೋಡಿದ್ದ, ಎಡಗಾಲು ಊರಿ ಸೊಂಟ ತಿರುಗಿತ್ತು, ಅಷ್ಟು ಚಂದ ತಿರುಗಿತ್ತು. ಜಗತ್ತಿನಲ್ಲಿ ಅದನ್ನು ನೋಡಿದವರು ಇಬ್ಬರು, ಒಬ್ಬ ಹಿಡಿದವನು, ಇನ್ನೊಬ್ಬ ಕೈ ವಾಪಸ್ಸು ತಂದವನು.

ಬೇಗಂಪೇಟೆಯ ಬಿಸಿಲು, ಫ್ಲೈಓವರಿನ ಕೆಳಗೆ ಮೂಸಂಬಿ ಕೊಂಡ, ಲಿಫ್ಟಿನ ಮುಂದೆ ಸಾಲು, ಮೆಟ್ಟಿಲು ಹತ್ತಿದ, ಫಿನೈಲು, ಬೇಯಿಸಿದ ಅನ್ನ, ಯಾರದೋ ಕೆಮ್ಮು, ಶೀತಲ ಬಾಗಿಲಲ್ಲೇ ನಿಂತಿದ್ದಳು, ಬರ್ರಿ ಅಣ್ಣಾರ, ಪಟ್ಟಿ ಅಂಗಿ ಇಲ್ಲಂದ್ರ ಗುರುತ ಸಿಗೂದಿಲ್ಲ ನೀವು, ನಗಲು ನೋಡಿದಳು. ಮಂಚ, ಕೊರಳ ಸುತ್ತ ಗಟ್ಟಿ ಪಟ್ಟಿ, ಎರಡು ಕಣ್ಣು ಸೀಲಿಂಗಿನಿಂದ ಇಳಿದು ಅವನ ಮೇಲೆ ಬಂದವು, ಉಳಿದ ಮುಖ ಇಳಿಯಲಿಲ್ಲ. ಏನ್ ಸರ, ಸೀಟಿ ತಂದಿಲ್ಲೇನು ಇವತ್ತ? ಚೇತನನ ಧ್ವನಿ ಚಿಕ್ಕದಾಗಿತ್ತು, ನಗೆ ಅದೇ ಇತ್ತು. ತಂದಿಲ್ಲಪಾ. ಚಲೋ ಆತು, ಇಲ್ಲೆ ನರ್ಸ್ ಊದತಾಳ ದಿನಾ ನನ್ನ ಮ್ಯಾಲೆ. ಶೀತಲ ಮೂಸಂಬಿ ಚೀಲ ತೆಗೆದುಕೊಂಡಳು, ಕುರ್ಚಿ ಎಳೆದಳು, ಅವನು ಕೂರಲಿಲ್ಲ, ಫ್ಯಾನು ತಿರುಗುತ್ತಿತ್ತು, ಮೂರು ರೆಕ್ಕೆ, ನಿಧಾನ. ಸರ, ಖರೇ ಹೇಳ್ರಿ, ನನ್ನ ಹಿಡಿದಿದ್ರೇನು? ಇಷ್ಟೇ ಪ್ರಶ್ನೆ, ಇಪ್ಪತ್ತು ದಿನದ ಪ್ರಶ್ನೆ, ಇಲ್ಲ ಎಂಬ ಶಬ್ದ ಬಾಯಲ್ಲಿ ಸಿದ್ಧವಾಗಿತ್ತು, ರೈಲಿನ ಉದ್ದಕ್ಕೂ ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದ, ನುಣುಪಾಗಿತ್ತು, ಎಲ್ಲಿಯೂ ಗೀರಿರಲಿಲ್ಲ. ಹಿಡಿದಿದ್ದ, ಎಂದ ಕಲ್ಲೇಶ. ಶೀತಲಳ ಕೈಯ ಚೀಲದಿಂದ ಒಂದು ಮೂಸಂಬಿ ಬಿದ್ದು ಮಂಚದ ಕೆಳಗೆ ಉರುಳಿತು, ಯಾರೂ ಬಗ್ಗಲಿಲ್ಲ. ಚೇತನ ಕಣ್ಣು ಮುಚ್ಚಿದ, ಉಸಿರು ಬಿಟ್ಟ, ಅಷ್ಟು ದೊಡ್ಡ ಉಸಿರು ಆ ಎದೆಯಲ್ಲಿ ಎಲ್ಲಿತ್ತೋ, ನೋಡ ಅಕ್ಕಾ, ಹೇಳಿದ್ನಿಲ್ಲ, ನಾ ಹೊಳ್ಳಿದ್ದೆ, ನಾ ಹೊಳ್ಳಿದ್ದೆ. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಶೀತಲ ಸೆರಗಿನಿಂದ ಒರೆಸಿದಳು. ಕೌಶಲ್ ಅಲ್ರೀ ಸರ? ದಿನಾ ಬರತಾನ ಅಂವ, ಬಾಗಲಾಗ ನಿಂತು ಹೋಗತಾನ, ಒಳಗ ಬಾರೋ ಅಂದ್ರ ಬರೂದಿಲ್ಲ. ಹೌದು, ಕೌಶಲ್. ನೀವು ನೋಡಿದ್ರೇನು? ನೋಡಿದ್ದೆ. ಮತ್ತ?

ಮತ್ತ. ಎರಡು ಅಕ್ಷರ, ಇದಕ್ಕೆ ಉತ್ತರ ಇನ್ನೂರು ಪುಟದಲ್ಲಿದೆ, ಮೂರು ಪ್ರಶ್ನೆಯಲ್ಲಿದೆ, ಕಲ್ಲೇಶ ಹೇಳತೊಡಗಿದ, ಚೆಂಡು ಆ ಕಡೆ ಇತ್ತು, ನಲವತ್ತು ಗಜ, ಆಟಕ್ಕೆ ಸಂಬಂಧವಿಲ್ಲದ ಹಿಡಿತಕ್ಕೆ — ಗೊತ್ತೈತ್ರಿ, ಎಂದ ಚೇತನ, ಚೆಂಡು ಆಕಡೆ ಇತ್ತು, ನಾನಾದ್ರೂ ಫ್ಲ್ಯಾಗ್ ಹಾಕತಿರಲಿಲ್ಲ, ಬರೋಬ್ಬರಿ ಐತಿ. ಬರೋಬ್ಬರಿ ಐತಿ ಎಂದುಬಿಟ್ಟ. ಇಲ್ಲಿಗೇ ನಿಲ್ಲಿಸಬಹುದಿತ್ತು, ಹುಡುಗ ಕೇಳಿದ್ದು ಸಿಕ್ಕಿತ್ತು, ಕ್ಷಮೆಯೂ ಕೇಳದೆಯೇ ಬಂದಿತ್ತು, ಸ್ನೇಹಲತಾಳ ಮಾತಿನಲ್ಲಿ ಅರ್ಧವನ್ನಾದರೂ ಉಳಿಸಿಕೊಳ್ಳಬಹುದಿತ್ತು, ಆದರೆ ಕೌಶಲ್ ದಿನಾ ಬಾಗಿಲವರೆಗೆ ಬಂದು ಒಂಟಿಯಾಗಿ ಹೊತ್ತುಕೊಂಡು ಹೋಗುತ್ತಿದ್ದುದರಲ್ಲಿ ಒಂದು ಪಾಲು ತನ್ನದಿತ್ತು — ಇನ್ನೊಂದು ಐತಿ ಚೇತನ, ನನ್ನ ಕೈ ಸೊಂಟದ ತನಕ ಹೋಗಿತ್ತು, ಗಂಟು ಸಿಕ್ಕಿತ್ತು, ಅಂವ ಅದನ್ನ ನೋಡಿ ಬಿಡಾಂವ ಇದ್ದ, ನಾನು ಚೆಂಡು ನೋಡಿದೆ, ಕೈ ಹೊಳ್ಳಿ ತಂದೆ, ಕೂಗಲೂ ಇಲ್ಲ, ನಡೀತೈತಿ ಅಂತ ತಿಳಕೊಂಡು ಅಂವ ಬಿಡಲಿಲ್ಲ, ನನ್ನ ನೋಡಿ ಬಿಡಲಿಲ್ಲ. ಫ್ಯಾನು ತಿರುಗಿತು. ಶೀತಲ ಅವನ ಕಡೆ ನೋಡುತ್ತಿದ್ದಳು, ಆ ನೋಟದಲ್ಲಿ ಅಣ್ಣಾರ ಎಂಬುದು ಇರಲಿಲ್ಲ. ಚೇತನ ಸೀಲಿಂಗ್ ನೋಡುತ್ತಲೇ ಕೇಳಿದ, ಎಲ್ಲಿ ಹಿಡಿದಿದ್ದ? ಕಂಕುಳ ಹಿಂದ, ಎಡಕ್ಕ. ತೋರಸ್ರಿ. ಬ್ಯಾಡೋ ಚೇತ್ಯಾ, ಎಂದಳು ಶೀತಲ. ತೋರಸ್ಲಿ ಅಕ್ಕಾ, ನಾ ನೋಡಿಲ್ಲಲ್ಲ ಅದನ್ನ. ಕಲ್ಲೇಶ ಬಗ್ಗಿದ, ಆಸ್ಪತ್ರೆಯ ಅಂಗಿ, ತೆಳು ಹತ್ತಿ, ನೀಲಿಯೇ, ಮಾಸಿದ ನೀಲಿ, ಎಡ ಕಂಕುಳ ಹಿಂದೆ ಕೈ ತೂರಿಸಿದ, ಬೆವರಿನ ಬಿಸಿ, ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡ, ಎಳೆದ, ಅಷ್ಟೇ ಬಿಗಿಯಾಗಿ, ಅಂದಾಜಿನಲ್ಲಿ ಎಂದೂ ಕೆಲಸ ಮಾಡದವನು, ಅಷ್ಟೇ. ಚೇತನ ಕಾಯುತ್ತಿದ್ದ, ಕಣ್ಣು ಅವನ ಮುಖದ ಮೇಲೆ, ತಾಳ್ಮೆಯಿಂದ, ಕಾಯುತ್ತಿದ್ದ. ಹಿಡದ್ರೇನ್ರಿ ಸರ? ಹಿಡಿದಿದ್ದಾನೆ, ಆಗಲೇ ಹಿಡಿದಿದ್ದಾನೆ, ಹತ್ತು ಎಣಿಸಿ ಬಿಡಬೇಕು, ಬಿಡು ಎಂದು ಬೆರಳಿಗೆ ಹೇಳುತ್ತಿದ್ದಾನೆ,

ಹಿಡದ್ರೇನ್ರಿ,

ಮುಷ್ಟಿ, ನೀಲಿ ಬಟ್ಟೆ, ಬೆಳ್ಳಗಾದ ಗೆಣ್ಣು, ಐದು ನೆರಿಗೆ